ಡಬ್ಬಿ ಒಬ್ಬರದು, ಬೋರ್ಡು ಇನ್ನೊಬ್ಬರದು

ಈಗ ಮಾರುಕಟ್ಟೆಗೆ ಬರುತ್ತಿರುವ ಒಳ್ಳೆಯ ಸ್ಟೀರಿಯೋ ಆಂಪ್ಲಿಫೈಯರ್ ಒಂದರ ಮುಚ್ಚಳ ಬಿಚ್ಚಿದರೆ, ಕೊಟ್ಟ ಹಣಕ್ಕೆ ಇಷ್ಟೇನಾ ಅನ್ನಿಸುವಷ್ಟು ಖಾಲಿ ಜಾಗ ಕಾಣುತ್ತದೆ. ಹಿಂಬದಿಯ ಪವರ್ ಸಾಕೆಟ್ಟಿನಿಂದ ಹೊರಟ ವೈರು ಒಂದು ಬೋರ್ಡಿಗೆ ಸೇರಿರುತ್ತದೆ. ಬೋರ್ಡಿನ ಒಂದು ಪಕ್ಕದಲ್ಲಿ 230 ವೋಲ್ಟ್ ಎಸಿಯನ್ನು ಡಿಸಿಗೆ ತಿರುಗಿಸುವ ಎಸ್‌ಎಂಪಿಎಸ್. ಇನ್ನೊಂದು ಪಕ್ಕದಲ್ಲಿ ಚಾನೆಲ್ಲಿಗೊಂದರಂತೆ ದಪ್ಪ ಕಾಯಿಲ್, ಅದರ ಮಗ್ಗುಲಿಗೆ ಕೆಪಾಸಿಟರುಗಳು. ಅಡಿಯಲ್ಲಿ ಡಬ್ಬಿಯ ತಳಕ್ಕೆ ಒತ್ತಿ ಕೂತ ಅಲ್ಯೂಮಿನಿಯಂ ತಗಡು. ಇನ್‌ಪುಟ್ ಸಾಕೆಟ್ಟಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಇನ್ನೊಂದು ಬೋರ್ಡು. ಹಳೆಯ ಆಂಪ್ಲಿಫೈಯರುಗಳಲ್ಲಿ ಅರ್ಧ ಜಾಗ ನುಂಗುತ್ತಿದ್ದ ಟ್ರಾನ್ಸ್‌ಫಾರ್ಮರ್ ಇಲ್ಲ, ಮೈತುಂಬ ಮುಳ್ಳೆದ್ದ ಹೀಟ್ ಸಿಂಕ್ ಇಲ್ಲ. ದೊಡ್ಡ ಬೋರ್ಡಿನ ಮೂಲೆಯಲ್ಲಿ ಒಂದು ಹೆಸರು ಅಚ್ಚಾಗಿರುತ್ತದೆ: ಹೈಪೆಕ್ಸ್, ಐಸ್‌ಪವರ್, ಪ್ಯೂರಿಫೈ, ಪಾಸ್ಕಲ್, ಇವುಗಳಲ್ಲೊಂದು. ಡಬ್ಬಿಯ ಮುಂಭಾಗದಲ್ಲಿ ಕೆತ್ತಿರುವ ಹೆಸರು ಬೇರೆ. ಹೈಪೆಕ್ಸ್ ನೆದರ್ಲೆಂಡ್ಸ್‌ನದು, ಉಳಿದ ಮೂರೂ ಡೆನ್ಮಾರ್ಕಿನವು. ಲೋಕದ ಅದೆಷ್ಟೋ ಆಂಪ್ಲಿಫೈಯರ್ ಕಂಪನಿಗಳ ಒಳಗಿನ ಸರಕು ಬರುವುದು ಈ ಎರಡು ಪುಟ್ಟ ದೇಶಗಳ ಕಂಪನಿಗಳಿಂದ.

ಇದನ್ನು ಕಂಡವರು ಮೊದಲು ಹೇಳುವ ಮಾತು, ಇದು ಮೋಸ ಎಂದು. ಬೇರೆಯವರ ಬೋರ್ಡು ತಂದು ಚಂದದ ಡಬ್ಬಿಯಲ್ಲಿ ಕೂರಿಸಿ ನಾಲ್ಕು ಪಟ್ಟು ಬೆಲೆಗೆ ಮಾರುವವನನ್ನು ತಯಾರಕ ಎಂದು ಕರೆಯುವುದಾದರೂ ಹೇಗೆ? ನನ್ನ ವಾದ ಇದಕ್ಕೆ ವಿರುದ್ಧವಾದುದು. ಇಂಥ ಸಿದ್ಧ ಬೋರ್ಡನ್ನು, ಅಂದರೆ ಕ್ಲಾಸ್ ಡಿ ಮಾಡ್ಯೂಲನ್ನು, ಕೊಂಡು ತಂದು ಬಳಸುವುದು ಬಹುಪಾಲು ತಯಾರಕರಿಗೆ ಪ್ರಾಮಾಣಿಕವಾದ ದಾರಿ, ಕೊಳ್ಳುವವನಿಗೂ ಲಾಭದ ದಾರಿ. ಮೋಸ ನಡೆಯುವ ಜಾಗಗಳು ಬೇರೆ ಇವೆ, ಅವುಗಳ ಕಡೆಗೆ ಗ್ರಾಹಕರ ಕಣ್ಣು ಹೋಗುವುದಿಲ್ಲ. ಈ ವಿಚಾರವನ್ನು ನವಿ ಮುಂಬಯಿಯ ಸೀವುಡ್ಸ್‌ನಂಥ ಊರಿನ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಸ್ಟೇಷನ್ನಿಗೆ ಅಂಟಿಕೊಂಡೇ ಎದ್ದಿರುವ ಮಾಲು, ಅದರ ಸುತ್ತ ಗೋಡೆಗೆ ಗೋಡೆ ತಾಗಿದ ಫ್ಲ್ಯಾಟುಗಳು, ಪಕ್ಕದಲ್ಲಿ ಪನ್ವೇಲ್ ಖಾರಿಯ ಉಪ್ಪುಗಾಳಿ. ಹಾಲಿನಲ್ಲಿ ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿಗೆ ಹಿಡಿಯುವ, ಬಿಸಿಯಾಗದ, ಕರೆಂಟು ಕುಡಿಯದ ಪೆಟ್ಟಿಗೆ ಇಲ್ಲಿಯ ಮನೆಗಳಿಗೆ ಬೇಕು. ಅದೇ ಹೊತ್ತಿಗೆ ಒಂದು ಸ್ಟೇಷನ್ ಆಚೆಯ ನೆರೂಲಿನ ಶನೀಶ್ವರ ಮಂದಿರದಂಥ ಕಡೆ ಭಜನೆ, ತಾಳಮದ್ದಲೆ, ಯಕ್ಷಗಾನಗಳಿಗೆ ಮೈಕ್ ಸೆಟ್ಟು ಬೇಕು. ಈ ಎರಡು ಬೇಡಿಕೆಗಳಲ್ಲಿ ಮಾಡ್ಯೂಲಿನ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ.

ಮೊದಲು, ತಯಾರಕರು ಸ್ವಂತವಾಗಿ ಏಕೆ ಮಾಡುವುದಿಲ್ಲ ಎಂಬುದು. ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರನ್ನು ಪುಸ್ತಕದ ಸರ್ಕ್ಯೂಟ್ ನೋಡಿ, ಎರಡು 2ಎನ್3055 ಟ್ರಾನ್ಸಿಸ್ಟರ್ ತಂದು, ಕೈಯಲ್ಲಿ ಬೆಸುಗೆ ಹಾಕಿ ಕೂರಿಸಿದರೆ ಹಾಡುತ್ತಿತ್ತು. ಅದರ ಕಷ್ಟವೆಲ್ಲ ಬಿಸಿ. ಪೂರ್ತಿ ಶಕ್ತಿಯಲ್ಲಿ ಓಡಿಸಿದರೂ ಅದರ ದಕ್ಷತೆ ಸಿದ್ಧಾಂತದ ಪ್ರಕಾರ ಶೇ 78.5 ದಾಟದು, ಮನೆಯಲ್ಲಿ ಕೇಳುವ ಮಟ್ಟದ ಸದ್ದಿನಲ್ಲಿ ಅದರ ಕಾಲು ಭಾಗವೂ ದಕ್ಕುವುದಿಲ್ಲ, ಉಳಿದದ್ದೆಲ್ಲ ಹೀಟ್ ಸಿಂಕಿಗೆ. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರುಗಳು ಪೂರ್ತಿ ತೆರೆದಿರುತ್ತವೆ, ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ಸೆಕೆಂಡಿಗೆ ಮೂರರಿಂದ ಆರು ಲಕ್ಷ ಸಲ ಹೀಗೆ ತೆರೆದು ಮುಚ್ಚುವ ಆ ಮಿಡಿತಗಳ ಅಗಲದಲ್ಲಿ ಸಂಗೀತ ಅಡಗಿರುತ್ತದೆ. ಕೊನೆಯಲ್ಲಿ ಬರುವ ಕಾಯಿಲ್ ಮತ್ತು ಕೆಪಾಸಿಟರ್ ಆ ಮಿಡಿತಗಳನ್ನು ಸೋಸಿ ಸಂಗೀತವನ್ನಷ್ಟೇ ಸ್ಪೀಕರಿಗೆ ಬಿಡುತ್ತವೆ. ದಕ್ಷತೆ ಶೇ 90ರ ಆಸುಪಾಸಿಗೆ ಏರುತ್ತದೆ. ಆಲೋಚನೆ ಹಳೆಯದೇ. 1964ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಎಕ್ಸ್–10 ಎಂಬ ಕಿಟ್ ಮಾರಿತ್ತು, 1977ರಲ್ಲಿ ಸೋನಿ ಟಿಎ–ಎನ್88 ತಂದಿತ್ತು. ಆಗಿನ ಟ್ರಾನ್ಸಿಸ್ಟರುಗಳಿಗೆ ಈ ವೇಗ ಸರಿಹೊಂದಲಿಲ್ಲ.

ವೇಗದ ಟ್ರಾನ್ಸಿಸ್ಟರು ಬಂದ ಮೇಲೂ ಕಷ್ಟ ಉಳಿದೇ ಇತ್ತು, ಅದರ ಸ್ವರೂಪ ಮಾತ್ರ ಬದಲಾಯಿತು. ಕೆಲವೇ ನ್ಯಾನೋಸೆಕೆಂಡಿನಲ್ಲಿ ಏರಿಳಿಯುವ ವೋಲ್ಟೇಜಿಗೆ ಬೋರ್ಡಿನ ಮೇಲಿನ ನಾಲ್ಕು ಮಿಲಿಮೀಟರ್ ತಾಮ್ರದ ಗೆರೆಯೂ ಒಂದು ಬಿಡಿಭಾಗವೇ. ಗೆರೆ ಸ್ವಲ್ಪ ಉದ್ದವಾದರೆ ವೋಲ್ಟೇಜು ಅಂಚಿನಲ್ಲಿ ಕುಣಿಯುತ್ತದೆ, ಪಕ್ಕದ ರೇಡಿಯೋ ಕರಕರ ಎನ್ನುತ್ತದೆ. ಒಂದು ಟ್ರಾನ್ಸಿಸ್ಟರು ಮುಚ್ಚುವ ಮುನ್ನ ಇನ್ನೊಂದು ತೆರೆದರೆ ಎರಡೂ ಸುಡುತ್ತವೆ. ಮುಚ್ಚಿ ತೆರೆಯುವ ನಡುವೆ ಬಿಡುವು ಹೆಚ್ಚಾದರೆ ಧ್ವನಿ ಕೆಡುತ್ತದೆ. ಫಿಲ್ಟರಿನ ಮೊದಲೇ ಫೀಡ್‌ಬ್ಯಾಕ್ ತೆಗೆದುಕೊಂಡರೆ ಸ್ಪೀಕರು ಬದಲಾದ ಹಾಗೆ ಮೇಲಿನ ಸ್ವರಗಳ ತೂಕವೂ ಬದಲಾಗುತ್ತದೆ. ಫಿಲ್ಟರಿನ ನಂತರ ತೆಗೆದುಕೊಂಡು ಇಡೀ ಸರ್ಕ್ಯೂಟನ್ನು ಸ್ಥಿರವಾಗಿ ನಿಲ್ಲಿಸುವ ಬಗೆಯನ್ನು ಬ್ರೂನೋ ಪುಟ್ಜೈಸ್ ಎಂಬ ಎಂಜಿನಿಯರ್ ಫಿಲಿಪ್ಸ್‌ನ ಬೆಲ್ಜಿಯಂ ಪ್ರಯೋಗಾಲಯದಲ್ಲಿದ್ದಾಗ ರೂಪಿಸಿದರು. ಅದೇ ಯುಸಿಡಿ. ಆಮೇಲೆ ಅವರು ಹೈಪೆಕ್ಸ್ ಸೇರಿ ಎನ್‌ಕೋರ್ ಎಂಬ ಮಾಡ್ಯೂಲು ಮಾಡಿದರು, ಬಳಿಕ ಲಾರ್ಸ್ ರಿಸ್ಬೋ ಮತ್ತು ಪೀಟರ್ ಲಿಂಗ್‌ಡಾರ್ಫ್ ಜೊತೆ ಪ್ಯೂರಿಫೈ ಕಟ್ಟಿದರು. ಡೆನ್ಮಾರ್ಕಿನಲ್ಲಿ ಕಾರ್ಸ್ಟನ್ ನೀಲ್ಸನ್ ಅವರ ಪಿಎಚ್‌ಡಿ ಕೆಲಸವೇ ಬ್ಯಾಂಗ್ ಅಂಡ್ ಓಲುಫ್ಸೆನ್ ಜೊತೆ ಸೇರಿ 1999ರಲ್ಲಿ ಐಸ್‌ಪವರ್ ಆಯಿತು. ಕೈಬೆರಳೆಣಿಕೆಯ ಜನ ವರ್ಷಗಟ್ಟಲೆ ಇದೊಂದನ್ನೇ ಮಾಡಿದ್ದಾರೆ. ವರ್ಷಕ್ಕೆ ಕೆಲವು ನೂರು ಆಂಪ್ಲಿಫೈಯರ್ ಮಾರುವ ಕಂಪನಿ ಹಟ ಹಿಡಿದು ಸ್ವಂತದ್ದು ಮಾಡಿದರೆ ಅದು ಈ ಬೋರ್ಡಿಗಿಂತ ಕೆಟ್ಟದಾಗಿಯೂ ದುಬಾರಿಯಾಗಿಯೂ ಇರುವ ಸಾಧ್ಯತೆಯೇ ಹೆಚ್ಚು.

ಹಾಗೆ ನೋಡಿದರೆ ಕೊಂಡು ತಂದ ಬೋರ್ಡಿನ ಮೇಲೆ ನಿಲ್ಲುವುದು ನಮಗೆ ಹೊಸ ವಿದ್ಯೆ ಏನಲ್ಲ. ಮುಂಬಯಿಯಲ್ಲಿ ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 4440 ಬೋರ್ಡು ಕೇಳಿದರೆ ಯಾವ ಅಂಗಡಿಯವನೂ ಮುಖ ನೋಡುತ್ತಿರಲಿಲ್ಲ, ಎತ್ತಿ ಕೊಡುತ್ತಿದ್ದ. ಸಾನ್ಯೋ ಕಂಪನಿಯ ಎಲ್‌ಎ4440 ಐಸಿಯ ಸುತ್ತ ಕಟ್ಟಿದ ಆ ಬೋರ್ಡು ದೇಶದ ಅಸಂಖ್ಯ ‘ಅಸೆಂಬಲ್ಡ್’ ಡೆಕ್ಕುಗಳ ಹೊಟ್ಟೆಯಲ್ಲಿತ್ತು. ಅದಕ್ಕಿಂತ ಮೇಲಿನ ದರ್ಜೆಗೆ ಎಸ್‌ಟಿಕೆ. ಅದೂ ಸಾನ್ಯೋದ್ದೇ. ಟ್ರಾನ್ಸಿಸ್ಟರು, ರೆಸಿಸ್ಟರುಗಳನ್ನೆಲ್ಲ ಒಂದು ಲೋಹದ ತಗಡಿನ ಮೇಲೆ ಕೂರಿಸಿ ಕಪ್ಪು ಮುಚ್ಚಳ ಹಾಕಿದ ಅದು ಹೆಸರಿಗೆ ಐಸಿ, ವಾಸ್ತವದಲ್ಲಿ ಪೂರ್ತಿ ಆಂಪ್ಲಿಫೈಯರ್ ಮಾಡ್ಯೂಲು. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಹೆಸರಾಂತ ಜಪಾನೀ ಸ್ಟೀರಿಯೋಗಳಲ್ಲೂ ಅದಿತ್ತು. ಆಗ ಯಾರೂ ಇದನ್ನು ಮೋಸ ಎನ್ನಲಿಲ್ಲ, ಏಕೆಂದರೆ ಯಾರೂ ಮುಚ್ಚಳ ತೆರೆದು ಫೋಟೋ ಹಾಕುತ್ತಿರಲಿಲ್ಲ.

ಹಾಗಾದರೆ ತಯಾರಕನ ಕೆಲಸ ಎಲ್ಲಿದೆ? ಮಾಡ್ಯೂಲಿನ ಸುತ್ತ. ಪ್ಯೂರಿಫೈಯ 1ಇಟಿ400ಎ ಮಾಡ್ಯೂಲನ್ನೇ ತೆಗೆದುಕೊಳ್ಳಿ. ಅದರ ಗೇನ್ 12.8 ಡೆಸಿಬೆಲ್, ಅಂದರೆ ಬಂದ ವೋಲ್ಟೇಜನ್ನು ಸುಮಾರು 4.4 ಪಟ್ಟು ಮಾಡುತ್ತದೆ. ಸಿಡಿ ಪ್ಲೇಯರ್ ಕೊಡುವ 2 ವೋಲ್ಟನ್ನು ನೇರ ಹಾಕಿದರೆ ಸ್ಪೀಕರಿಗೆ ಸಿಗುವುದು 8.8 ವೋಲ್ಟ್, 8 ಓಮ್ ಸ್ಪೀಕರಿನಲ್ಲಿ ಅದು 10 ವಾಟ್ ಕೂಡ ಆಗುವುದಿಲ್ಲ. ನೂರಾರು ವಾಟ್ ಕೊಡಬಲ್ಲ ಮಾಡ್ಯೂಲು ಹತ್ತು ವಾಟಿಗೆ ನಿಂತುಬಿಡುತ್ತದೆ. ಉಳಿದ ಗೇನನ್ನು ಸದ್ದಿಲ್ಲದೆ, ಗಲೀಜಿಲ್ಲದೆ ಕೊಡುವುದು ಆ ಬೆಂಕಿಪೊಟ್ಟಣದ ಗಾತ್ರದ ಬಫರ್ ಬೋರ್ಡು. ಅದನ್ನು ತಯಾರಕನೇ ಮಾಡಬೇಕು, ಅದು ಕೆಟ್ಟದಾಗಿದ್ದರೆ ಹಿಂದಿನ ಮಾಡ್ಯೂಲು ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಆಮೇಲೆ ಗ್ರೌಂಡ್ ವೈರನ್ನು ಎಲ್ಲಿ ಕಟ್ಟುವುದು, ಎಸ್‌ಎಂಪಿಎಸ್‌ನ ಗಲಾಟೆ ಇನ್‌ಪುಟ್ಟಿಗೆ ನುಸುಳದಂತೆ ವೈರನ್ನು ಹೇಗೆ ಎಳೆಯುವುದು, ಬಿಸಿಯನ್ನು ಎಲ್ಲಿಗೆ ದಾಟಿಸುವುದು. ಮರಾಂಟ್ಜ್ 2017ರ ಪಿಎಂ–10ರಲ್ಲಿ ಹೈಪೆಕ್ಸ್ ಮಾಡ್ಯೂಲು ಹಾಕಿ, ಮುಂದಿನ ಹಂತವನ್ನು ತನ್ನದೇ ಸರ್ಕ್ಯೂಟಿನಿಂದ ಕಟ್ಟಿತು. ಹೈಪೆಕ್ಸ್ ಹೆಸರನ್ನು ಮುಚ್ಚಿಡಲೂ ಇಲ್ಲ. ಅಮೆರಿಕದ ಜೆಫ್ ರೋಲೆಂಡ್ ಗಟ್ಟಿ ಅಲ್ಯೂಮಿನಿಯಂ ಕೊರೆದು ಮಾಡಿದ ಡಬ್ಬಿಯಲ್ಲಿ ಐಸ್‌ಪವರ್ ಕೂರಿಸಿದರು. ಡಬ್ಬಿಗೆ ಅಷ್ಟು ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಅಲ್ಲಿ ಹಣ ಎಲ್ಲಿಗೆ ಹೋಗಿದೆ ಎಂಬುದು ಕಣ್ಣಿಗಂತೂ ಕಾಣುತ್ತದೆ.

ಒಂದೇ ಮಾಡ್ಯೂಲನ್ನು ಎಲ್ಲರೂ ಹಾಕಿದರೆ ಎಲ್ಲ ಆಂಪ್ಲಿಫೈಯರೂ ಒಂದೇ ಥರ ಹಾಡುವುದಿಲ್ಲವೇ ಎಂದು ಕೇಳುತ್ತಾರೆ. ಹಾಡುತ್ತವೆ, ಬಹುಮಟ್ಟಿಗೆ. ಬಫರಿನಲ್ಲಿ ಆಪ್‌ಆಂಪ್ ಎಂಬ ಚಿಪ್ಪು ಬದಲಿಸಿ ‘ಬೆಚ್ಚಗಿನ ಧ್ವನಿ’, ‘ತಿಳಿಯಾದ ಧ್ವನಿ’ ಎಂದು ಎರಡು ಬೆಲೆಗೆ ಮಾರುವವರಿದ್ದಾರೆ. ಸರಿಯಾಗಿ ಕಟ್ಟಿದ ಎರಡು ಬಫರುಗಳ ನಡುವಿನ ಅಂತರ ಕಿವಿಗೆ ಸಿಗುವುದು ಅಪರೂಪ. ಇದರಿಂದ ತೊಂದರೆ ಯಾರಿಗೆ? ಮಾರುವವರಿಗೆ. ಕೊಳ್ಳುವವನಿಗೆ ಇದು ನೆಮ್ಮದಿಯ ಸುದ್ದಿ, ಏಕೆಂದರೆ ಆಂಪ್ಲಿಫೈಯರಿಗೆ ಸುರಿಯುವ ಹಣವನ್ನು ಸ್ಪೀಕರಿಗೆ, ಅದಕ್ಕಿಂತ ಹೆಚ್ಚಾಗಿ ಕೋಣೆಗೆ ತಿರುಗಿಸಬಹುದು. ಸೀವುಡ್ಸ್‌ನ ಹಾಲುಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಒಂದು ಪಕ್ಕ ಪೂರ್ತಿ ಗಾಜು. ಅಲ್ಲಿ ಒಂದು ದಪ್ಪ ಜಮಖಾನ ಮತ್ತು ಪರದೆ ಮಾಡುವ ಉಪಕಾರವನ್ನು ಯಾವ ಆಪ್‌ಆಂಪೂ ಮಾಡದು.

ನಿಜವಾದ ಮೋಸ ವಾಟುಗಳ ಲೆಕ್ಕದಲ್ಲಿದೆ. ಪಿಎಂಪಿಒ ಎಂದು ಬರೆದು ಅಂಗೈಯಗಲದ ಸ್ಪೀಕರಿಗೆ ಸಾವಿರಾರು ವಾಟ್ ಅಂಟಿಸುತ್ತಿದ್ದ ಕಾಲ ಹಲವರಿಗೆ ನೆನಪಿದ್ದೀತು. ಈಗ ಅದೇ ಆಟ ತುಸು ನಯವಾಗಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಎಂಬ ಚಿಪ್ಪು ಕಡಿಮೆ ಬೆಲೆಯ ಕ್ಲಾಸ್ ಡಿ ಡಬ್ಬಿಗಳ ಜನಪ್ರಿಯ ಹೃದಯ, ಒಳ್ಳೆಯ ಚಿಪ್ಪು ಕೂಡ. ಅದರ ದತ್ತಾಂಶ ಹಾಳೆಯ ಪ್ರಕಾರ 4 ಓಮಿಗೆ ಪ್ರತಿ ಚಾನೆಲಿನಿಂದ 315 ವಾಟ್ ಬರುವುದು ಶೇ 10ರಷ್ಟು ವಿಕೃತಿಯಲ್ಲಿ, ಅಂದರೆ ಯಾರೂ ಕೇಳಲಾಗದ ಸ್ಥಿತಿಯಲ್ಲಿ. ಶೇ 1ರಲ್ಲಿ 260. ಮಾರುವವನು ‘300+300’ ಎಂದು ಮುದ್ರಿಸಿ ಜೊತೆಗೆ ಕೊಡುವುದು 48 ವೋಲ್ಟ್, 5 ಆಂಪಿಯರಿನ ಅಡಾಪ್ಟರ್. ಗುಣಿಸಿದರೆ 240 ವಾಟ್. ಅಡಾಪ್ಟರಿನಿಂದ ಬರುವುದೇ ಅಷ್ಟಾದರೆ ಸ್ಪೀಕರಿಗೆ 600 ವಾಟ್ ಎಲ್ಲಿಂದ ಬರಬೇಕು? ಕಾನೂನಿನ ಆಸರೆಯೂ ಇಲ್ಲಿ ತೆಳು. ಎಲೆಕ್ಟ್ರಾನಿಕ್ ಸರಕುಗಳ 2012ರ ಕಡ್ಡಾಯ ನೋಂದಣಿ ಆದೇಶ ಆಂಪ್ಲಿಫೈಯರುಗಳ ವಿಚಾರದಲ್ಲಿ ಹಿಡಿದದ್ದು 2000 ವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಇನ್‌ಪುಟ್ ಶಕ್ತಿಯವನ್ನು. ಆಡಿಯೋ ಉಪಕರಣಗಳ ಅಡಾಪ್ಟರುಗಳು ಆಮೇಲೆ ಆ ಪಟ್ಟಿಗೆ ಸೇರಿದವು. ಆದ್ದರಿಂದ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಸಂಖ್ಯೆ ಇದೆಯೇ ನೋಡುವುದು ಬುದ್ಧಿವಂತಿಕೆ. ಅಷ್ಟಕ್ಕೂ ಮನೆಗೆ ಎಷ್ಟು ವಾಟ್ ಬೇಕು? ಸಾಧಾರಣ ಸ್ಪೀಕರು 1 ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು ಮಾಡುತ್ತದೆ. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುತ್ತವೆ. ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟಲು ಹತ್ತು ವಾಟ್ ಧಾರಾಳ ಸಾಕು.

ಮಾಡ್ಯೂಲಿನ ವಿರುದ್ಧ ನಿಲ್ಲುವ ಗಟ್ಟಿ ಆಕ್ಷೇಪ ರಿಪೇರಿಯದು, ಅದನ್ನು ತಳ್ಳಿಹಾಕಲಾಗದು. ಟ್ರಾನ್ಸಿಸ್ಟರಿನ ಹಳೆಯ ಆಂಪ್ಲಿಫೈಯರು ಕೆಟ್ಟರೆ ಕಲ್ಯಾಣವೋ ಡೊಂಬಿವಲಿಯೋ, ಯಾವ ಗಲ್ಲಿಯಲ್ಲಾದರೂ ಮಲ್ಟಿಮೀಟರ್ ಹಿಡಿದ ಮೆಕ್ಯಾನಿಕ್ ಸಿಗುತ್ತಿದ್ದ. ಶಾರ್ಟ್ ಆದ ಟ್ರಾನ್ಸಿಸ್ಟರ್ ಕಿತ್ತು ಇನ್ನೊಂದು ಹಾಕಿದರೆ ಸಂಜೆಯ ಹೊತ್ತಿಗೆ ಹಾಡು. ಕ್ಲಾಸ್ ಡಿ ಬೋರ್ಡಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳು, ಸರ್ಕ್ಯೂಟ್ ನಕ್ಷೆ ಹೊರಗೆ ಸಿಗದು. ಬೋರ್ಡು ಹೋದರೆ ಇಡೀ ಬೋರ್ಡು ಬದಲು, ಅದು ವಿದೇಶದಿಂದ ಬರಬೇಕು. ಗಣೇಶೋತ್ಸವದ ಎರಡನೇ ದಿನ ಆಂಪ್ಲಿಫೈಯರು ಕೈಕೊಟ್ಟರೆ ಮೈಕ್ ಸೆಟ್ ಬಾಡಿಗೆಯವನಿಗೆ ಡೆನ್ಮಾರ್ಕಿನ ಪಾರ್ಸೆಲ್ಲಿನಿಂದ ಏನು ಉಪಯೋಗ? ಇಬ್ಬರು ಹೊರಬೇಕಾದ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರುಗಳನ್ನು ಬಾಡಿಗೆಯವರು ಇನ್ನೂ ಬಿಡದಿರುವುದರ ಹಿಂದೆ ಹಟಕ್ಕಿಂತ ಈ ಲೆಕ್ಕಾಚಾರ ಹೆಚ್ಚಿದೆ. ಇದರ ಮೇಲೆ ಮಾಡ್ಯೂಲು ಮಾಡುವವನೇ ಮುಳುಗಿದರೆ? ಅದೂ ಆಗಿದೆ. ಅಮೆರಿಕದ ಟ್ರೈಪಾತ್ ಕಂಪನಿಯ ಟಿಎ2020 ಚಿಪ್ಪು ಅಗ್ಗದ ಆಂಪ್ಲಿಫೈಯರಿನಿಂದಲೂ ಒಳ್ಳೆಯ ಧ್ವನಿ ಬರಬಹುದೆಂದು ತೋರಿಸಿ ಹೆಸರು ಮಾಡಿತ್ತು. 2007ರಲ್ಲಿ ಕಂಪನಿ ದಿವಾಳಿ ಎದ್ದಿತು, ಅದನ್ನೇ ನಂಬಿದ ತಯಾರಕರು ಹೊಸ ಸರ್ಕ್ಯೂಟ್ ಹುಡುಕಬೇಕಾಯಿತು. ಸಾನ್ಯೋದ ಸೆಮಿಕಂಡಕ್ಟರ್ ವಿಭಾಗ 2011ರಲ್ಲಿ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಇವತ್ತು ಅಸಲಿ ಎಸ್‌ಟಿಕೆ ಹುಡುಕಿ ಹೊರಟವನಿಗೆ ಸಿಗುವುದು ಬಹುಪಾಲು ಡೂಪ್ಲಿಕೇಟು.

ಆದರೆ ಈ ಆಕ್ಷೇಪ ಹೋಗಿ ತಾಗಬೇಕಾದದ್ದು ತಯಾರಕನ ಜವಾಬ್ದಾರಿಗೆ. ಮಾಡ್ಯೂಲಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಇದೆ: ನಾಲ್ಕು ಸ್ಕ್ರೂ, ಮೂರು ಕನೆಕ್ಟರ್ ಬಿಚ್ಚಿದರೆ ಹೊರಗೆ ಬರುತ್ತದೆ. ಮಾರಿದ ಪ್ರತಿ ಇಪ್ಪತ್ತು ಡಬ್ಬಿಗೆ ಒಂದು ಹೆಚ್ಚುವರಿ ಬೋರ್ಡು ನವಿ ಮುಂಬಯಿಯಲ್ಲೇ ಇಟ್ಟುಕೊಂಡ ತಯಾರಕ ಗಲ್ಲಿಯ ಮೆಕ್ಯಾನಿಕ್‌ಗಿಂತ ಬೇಗ ರಿಪೇರಿ ಮಾಡಿಕೊಡಬಲ್ಲ. ಬೋರ್ಡನ್ನು ಅಂಟು ಸುರಿದು ಮುಚ್ಚಿದವನು, ಬಿಡಿ ಬೋರ್ಡು ಮಾರುವುದಿಲ್ಲ ಎನ್ನುವವನು ಆ ಅನುಕೂಲವನ್ನು ಬೇಕೆಂದೇ ಕಿತ್ತುಕೊಂಡಿದ್ದಾನೆ. ಯಕ್ಷಗಾನದ ಮೈಕಿಗೆ ಕ್ಲಾಸ್ ಡಿ ಆಗದು ಎಂಬ ಮಾತೂ ಇದೇ ಜಾತಿಯದು. ಚೆಂಡೆಯ ಪೆಟ್ಟು ಬಂದು ಹೋಗುವುದು ಕ್ಷಣದಲ್ಲಿ, ಅದನ್ನು ಮಾಡ್ಯೂಲು ಸಲೀಸಾಗಿ ಹೊರುತ್ತದೆ. ಭಾಗವತರ ಏರುಸ್ವರ, ಅರ್ಥಧಾರಿಯ ಮಾತು ಕೇಳಿಸಲು ಬೇಕಾದದ್ದು ಕಡಿಮೆ ಶಕ್ತಿ, ಹೆಚ್ಚು ಸ್ಪಷ್ಟತೆ. ಸೋಲುವುದು ಎಡೆಬಿಡದ ಡಿಜೆ ಬಾಸಿನಲ್ಲಿ. ಮಾಡ್ಯೂಲಿನ ಮೇಲೆ ಬರೆದ ವಾಟು ಅಲ್ಪ ಹೊತ್ತಿನದು; ಗಂಟೆಗಟ್ಟಲೆ ಎಷ್ಟು ಕೊಟ್ಟೀತು ಎಂಬುದು ಡಬ್ಬಿ ಬಿಸಿಯನ್ನು ಎಷ್ಟು ಹೊರಹಾಕುತ್ತದೆ ಎಂಬುದರ ಮೇಲಿದೆ. ಅಲ್ಲಿ ಫ್ಯಾನು ಉಳಿಸಿದವನು ತಯಾರಕ, ಬೈಸಿಕೊಳ್ಳುವುದು ಕ್ಲಾಸ್ ಡಿ.

ಸ್ವಾವಲಂಬನೆಯ ಪ್ರಶ್ನೆಯನ್ನೂ ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ವಾಚು ಮಾಡಲು ಹೊರಟಾಗ ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿಯಿತು. ಆದರೆ ಅಲ್ಲಿ ಬಂದದ್ದು ಮಾಡುವ ವಿದ್ಯೆ, ನಮ್ಮ ಕೆಲಸಗಾರರು ಅದನ್ನು ಕಲಿತರು. ಪೆಟ್ಟಿಗೆಯಲ್ಲಿ ಬಂದ ಮಾಡ್ಯೂಲನ್ನು ಸ್ಕ್ರೂ ಹಾಕಿ ಕೂರಿಸುವವನು ಒಳಗಿನದೇನನ್ನೂ ಕಲಿಯುವುದಿಲ್ಲ. ಎನ್‌ಎಡಿ ಕಂಪನಿ ಇಲ್ಲಿ ನಡುದಾರಿ ಹಿಡಿದಿದೆ: ಹೈಪೆಕ್ಸ್, ಪ್ಯೂರಿಫೈಗಳಿಂದ ಲೈಸೆನ್ಸ್ ಪಡೆದು ಬೋರ್ಡನ್ನು ತಾನೇ ಮಾಡಿಸಿಕೊಳ್ಳುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಿಂದ ಬೆಂಗಳೂರಿನಲ್ಲಿ ಎಂಜಿನಿಯರುಗಳನ್ನಿಟ್ಟುಕೊಂಡು ಕೆಲಸ ಮಾಡಿಸುತ್ತಿದೆ. ಇಂಥ ವಿನ್ಯಾಸ ಮಾಡಬಲ್ಲ ಕೈಗಳು ನಮ್ಮಲ್ಲಿ ಇಲ್ಲವೆನ್ನುವ ಹಾಗಿಲ್ಲ. ಇಲ್ಲದಿರುವುದು ಅವರಿಗೆ ಸಂಬಳ ಕೊಡುವಷ್ಟು ದೊಡ್ಡ ಆಡಿಯೋ ಮಾರುಕಟ್ಟೆ. ಹಾಗಿರುವಾಗ ಬಫರು, ಪವರ್ ಸಪ್ಲೈ, ರಕ್ಷಣಾ ಸರ್ಕ್ಯೂಟುಗಳಿಂದ ಶುರುಮಾಡುವುದು ಕಾರ್ಯಸಾಧ್ಯ. ಖಾರಿಯ ಗಾಳಿಗೆ ತಕ್ಕಂತೆ ಬೋರ್ಡಿಗೆ ತೇವ ನಿರೋಧಕ ಲೇಪ ಹಾಕುವುದೂ ಆ ಪಟ್ಟಿಯಲ್ಲಿರಲಿ. ಧೂಳು, ತೇವ, ಉಪ್ಪು ಒಟ್ಟಿಗೆ ಸೇರಿ ಕೂದಲೆಳೆಯ ಅಂತರದಲ್ಲಿರುವ ಚಿಪ್ಪಿನ ಕಾಲುಗಳ ನಡುವೆ ಏನು ಮಾಡುತ್ತವೆ ಎಂಬ ಚಿಂತೆ ಡೆನ್ಮಾರ್ಕಿನ ಒಣ ಕೋಣೆಯಲ್ಲಿ ಬಳಸುವವನಿಗೆ ಇರುವುದಿಲ್ಲ.

ಈ ನಡುವೆ ಮಾಡ್ಯೂಲಿನವರೇ ತಯಾರಕನನ್ನು ದಾಟಿ ಮನೆಬಾಗಿಲಿಗೆ ಬರತೊಡಗಿದ್ದಾರೆ. ಹೈಪೆಕ್ಸ್ 2022ರಲ್ಲಿ ನಿಲಾಯ್ ಎಂಬ ಕಿಟ್ ತಂದಿತು. ಡಬ್ಬಿ, ಬೋರ್ಡು, ವೈರು ಎಲ್ಲವೂ ಸೇರಿ, ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಾದರೂ ಒಂದು ಸಂಜೆಯಲ್ಲಿ ಕಟ್ಟಿಕೊಳ್ಳಬಹುದು. ಕೈಚಳಕವಿದ್ದ ಮನೆಯವನಿಗೆ ಅದು ಒಳ್ಳೆಯ ವ್ಯಾಪಾರ. ಮಂದಿರದ ಕಮಿಟಿಗೆ ಅದು ಸಲ್ಲದು; ಅವರಿಗೆ ಬೇಕಾದದ್ದು ಒಳಗಿನ ಮಾಡ್ಯೂಲಿನ ಹೆಸರನ್ನು, ಶೇ 1ರ ವಿಕೃತಿಯಲ್ಲಿ ಎಡೆಬಿಡದೆ ಕೊಡುವ ವಾಟನ್ನು, ಬದಲಿ ಬೋರ್ಡು ಎಷ್ಟು ದಿನದೊಳಗೆ ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆದುಕೊಡುವ ವ್ಯಾಪಾರಿ. ಕೊಟೇಶನ್ ಕೇಳುವಾಗಲೇ ಈ ಮೂರನ್ನು ಕೇಳಿಬಿಟ್ಟರೆ ಪಟ್ಟಿಯಲ್ಲಿರುವ ಅರ್ಧ ಹೆಸರುಗಳು ತಾವಾಗಿ ಬಿದ್ದುಹೋಗುತ್ತವೆ.